ನಿಂಬರಗಿಯಿಂದ ಖೇತವಾಡಿಗೆ: ಕನ್ನಡ-ಮರಾಠಿ ನೆರೆಯ ಒಂದು ತತ್ತ್ವಪರಂಪರೆ

1. ಸಮಸ್ಯೆಯ ಸ್ವರೂಪ

1973ರಲ್ಲಿ ಮುಂಬಯಿಯ ಚೇತನಾ ಪ್ರಕಾಶನದಿಂದ ‘ಐ ಆಮ್ ದಟ್’ ಎಂಬ ಇಂಗ್ಲಿಷ್ ಗ್ರಂಥವು ಹೊರಬಂದಿತು. ಖೇತವಾಡಿಯ ಇಕ್ಕಟ್ಟಾದ ಮನೆಯೊಂದರಲ್ಲಿ ನಿಸರ್ಗದತ್ತ ಮಹಾರಾಜರು (1897-1981) ಮರಾಠಿಯಲ್ಲಿ ನಡೆಸಿದ ಸಂವಾದಗಳನ್ನು ಧ್ವನಿಮುದ್ರಣದಿಂದ ಇಂಗ್ಲಿಷಿಗೆ ತಂದವರು ಮಾರಿಸ್ ಫ್ರೀಡ್‌ಮನ್. ಮಹಾರಾಜರು ಬೀಡಿ ಅಂಗಡಿಯಿಂದ ಸಂಸಾರ ಸಾಗಿಸಿದ ಗೃಹಸ್ಥರು. ಫ್ರೀಡ್‌ಮನ್ನರು ಪೋಲೆಂಡಿನಿಂದ ಬಂದ ಎಂಜಿನಿಯರರು, ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಿದವರು. ಈ ಗ್ರಂಥವು ಕೆಲವೇ ವರ್ಷಗಳಲ್ಲಿ ಯುರೋಪು, ಅಮೆರಿಕಗಳ ಓದುಗರನ್ನು ಖೇತವಾಡಿಯ ಗಲ್ಲಿಗೆ ಕರೆತಂದಿತು. ಇಂದು ಅದ್ವೈತವೆಂದೊಡನೆ ಶಂಕರಾಚಾರ್ಯರ ಭಾಷ್ಯಕ್ಕಿಂತ ಮೊದಲು ಈ ಪುಸ್ತಕವನ್ನು ನೆನೆಯುವ ಓದುಗರು ಜಗತ್ತಿನ ಹಲವು ದೇಶಗಳಲ್ಲಿದ್ದಾರೆ.

ಈ ಓದುಗರು ಮಹಾರಾಜರ ಗುರುಪರಂಪರೆಯನ್ನು ಕೇಳಿದಾಗ ಅವರಿಗೆ ದೊರೆಯುವ ಹೆಸರುಗಳು ಇವು: ರೇವಣನಾಥ, ಮರುಳಸಿದ್ಧ, ಕಾಡಸಿದ್ಧ, ನಿಂಬರಗಿ ಮಹಾರಾಜ, ಉಮದಿಯ ಭಾವೂಸಾಹೇಬ ಮಹಾರಾಜ, ಸಿದ್ಧರಾಮೇಶ್ವರ ಮಹಾರಾಜ. ದೂರದೇಶದ ಓದುಗನಿಗೆ ಇವು ಭಾರತದ ಯಾವುದೋ ಮೂಲೆಯ ಹೆಸರುಗಳು. ಮರಾಠಿ ಓದುಗನಿಗೆ ಮೊದಲನೆಯ ಹೆಸರು ನವನಾಥರಲ್ಲಿ ಒಬ್ಬರದು. ಕನ್ನಡ ಓದುಗನಿಗೆ ರೇವಣಸಿದ್ಧ, ಮರುಳಸಿದ್ಧರೆಂದರೆ ವೀರಶೈವ ಪುರಾಣಗಳಿಂದ ಪರಿಚಿತರಾದ ಸಿದ್ಧರು. ನಿಂಬರಗಿಯೆಂದರೆ ವಿಜಯಪುರ ಜಿಲ್ಲೆಯ ಒಂದು ಊರು. ಹೀಗೆ ಒಂದೇ ಪಟ್ಟಿಯು ಮೂವರು ಓದುಗರ ಕೈಯಲ್ಲಿ ಮೂರು ಪಟ್ಟಿಗಳಾಗುತ್ತದೆ.

ತತ್ತ್ವಚಿಂತನೆಯು ನೆರೆಯ ಸಂಸ್ಕೃತಿಗಳನ್ನು ಹತ್ತಿರ ತರುತ್ತದೆಯೆಂಬ ಮಾತನ್ನು ಜಾಗತೀಕರಣದ ಈ ಕಾಲದಲ್ಲಿ ಪದೇಪದೇ ಕೇಳುತ್ತೇವೆ. ಇಂಚಗೇರಿ ಸಂಪ್ರದಾಯವೆಂದು ಹೆಸರಾದ ಈ ಪರಂಪರೆಯ ಚರಿತ್ರೆಯ ಮೂಲಕ ಆ ಮಾತನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ವಾದವನ್ನು ಆರಂಭದಲ್ಲಿಯೇ ಹೇಳಿಬಿಡುವುದು ಲೇಸು. ಈ ಪರಂಪರೆ ಜಗತ್ತಿಗೆ ತಲುಪುವಷ್ಟು ಸತ್ವವನ್ನು ಗಳಿಸಿದ್ದು ಎರಡು ನೆರೆಭಾಷೆಗಳು ಒಂದರೊಳಗೊಂದು ಬಾಳಿದ್ದರಿಂದ. ಜಗತ್ತಿಗೆ ತಲುಪಿದಾಗ ಮೊದಲು ಮರೆಯಾದದ್ದು ಆ ನೆರೆತನವೇ. ಈ ಮರೆವೆಯನ್ನು ತುಂಬಬಲ್ಲ ಸಾಧನಗಳು ಕನ್ನಡ ನಾಡಿನ ಹೊರಗೆ ಕನ್ನಡ ಅಧ್ಯಯನ ನಡೆಸುತ್ತಿರುವವರ ಕೈಯಲ್ಲಿಯೇ ಹೆಚ್ಚಾಗಿವೆ.

2. ನೆಲದ ಹಿನ್ನೆಲೆ

ನಿಂಬರಗಿ, ಇಂಚಗೇರಿ, ಜಿಗಜೇವಣಿ, ನಿಂಬಾಳ ಇವು ವಿಜಯಪುರ ಜಿಲ್ಲೆಯ ಉತ್ತರ ಭಾಗದ ಊರುಗಳು. ಉಮದಿಯು ಅಲ್ಲಿಂದ ದೂರವಿಲ್ಲದಿದ್ದರೂ ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿಗೆ ಸೇರಿದೆ. ಪರಂಪರೆಯ ಮೂಲಸ್ಥಾನವೆನಿಸಿದ ಸಿದ್ಧಗಿರಿಯು ಕೊಲ್ಹಾಪುರದ ಬಳಿಯ ಕಣೇರಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ವಿಜಯಪುರದ ಪ್ರದೇಶವು ಮುಂಬಯಿ ಪ್ರಾಂತದ ಆಡಳಿತದಲ್ಲಿತ್ತು. ಜತ್ತ, ಕೊಲ್ಹಾಪುರ, ಜಮಖಂಡಿ ಬೇರೆ ಬೇರೆ ಸಂಸ್ಥಾನಗಳಾಗಿದ್ದವು. ಆದರೆ ಜನರ ಸಂತೆ, ಸಂಬಂಧ, ಜಾತ್ರೆ, ವಾರಿಗಳು ಈ ಗಡಿಗಳನ್ನು ಲೆಕ್ಕಿಸಿದವುಗಳಲ್ಲ.

ಈ ಒಡನಾಟ ಹಳೆಯದು. ಮರಾಠಿಯ ಅತಿ ಪ್ರಾಚೀನ ಬರೆಹಗಳಲ್ಲಿ ಒಂದು ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಇದೆ. ಪಂಢರಪುರದ ವಿಠ್ಠಲನಿಗೆ ಸಂಬಂಧಿಸಿದ ಹಳೆಯ ಶಾಸನಗಳಲ್ಲಿ ಮುಖ್ಯವಾದದ್ದು ಹೊಯ್ಸಳ ಸೋಮೇಶ್ವರನ 1237ರ ಶಾಸನ. ಪುರಂದರದಾಸರಿಂದ ಮೊದಲ್ಗೊಂಡು ಹರಿದಾಸರ ಅಂಕಿತಗಳಲ್ಲಿ ನೆಲಸಿರುವ ವಿಠ್ಠಲನು ವಾರಕರಿಗಳ ದೈವವೂ ಹೌದು. ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’ಯು 1604ರಷ್ಟು ಹಿಂದೆಯೇ ಮರಾಠಿಗೆ ಅನುವಾದಗೊಂಡಿತು. ವೀರಶೈವ ತತ್ತ್ವವನ್ನು ಮರಾಠಿಯಲ್ಲಿ ನಿರೂಪಿಸಿದ ಮನ್ಮಥಸ್ವಾಮಿಗಳ ‘ಪರಮರಹಸ್ಯ’ವು ಮಹಾರಾಷ್ಟ್ರದ ಲಿಂಗಾಯತರಿಗೆ ಪಾರಾಯಣಗ್ರಂಥವಾಗಿದೆ. ಆದಿಲಶಾಹಿ ಕಾಲದ ಕಾಖಂಡಕಿಯ ಮಹಿಪತಿದಾಸರು ಕನ್ನಡ, ಮರಾಠಿ, ಹಿಂದೀಗಳಲ್ಲಿ ಪದಗಳನ್ನು ರಚಿಸಿದರು.

ಈ ಸಾಮೀಪ್ಯದಲ್ಲಿ ಅರಿವಿನಷ್ಟೇ ಅಪರಿಚಯವೂ ಇತ್ತೆಂಬುದಕ್ಕೆ ಒಂದು ಪದವೇ ಸಾಕ್ಷಿ. ಜ್ಞಾನೇಶ್ವರರ ಹೆಸರಿನ ಪ್ರಸಿದ್ಧ ಅಭಂಗವೊಂದರಲ್ಲಿ ವಿಠ್ಠಲನನ್ನು ‘ಕಾನಡಾ’ ಎಂದು ಕರೆಯಲಾಗಿದೆ. ಅದಕ್ಕೆ ಕನ್ನಡದವನು ಎಂಬ ಅರ್ಥವನ್ನು ಹೇಳುವವರಿದ್ದಾರೆ. ಸುಲಭವಾಗಿ ತಿಳಿಯಲಾರದವನು, ಗೂಢನು ಎಂಬ ಅರ್ಥವನ್ನು ಹೇಳುವವರೂ ಇದ್ದಾರೆ. ಮರಾಠಿಯಲ್ಲಿ ಆ ಪದಕ್ಕೆ ಎರಡು ಅರ್ಥಗಳೂ ಸಲ್ಲುತ್ತವೆ. ನೆರೆಯವರ ಭಾಷೆಯ ಹೆಸರೇ ದುರ್ಬೋಧವಾದುದಕ್ಕೆ ಹೆಸರಾಯಿತು. ಆ ದುರ್ಬೋಧನೇ ಆರಾಧ್ಯನೂ ಆದನು. ನೆರೆಯ ಸಂಸ್ಕೃತಿಗಳ ಸಂಬಂಧವನ್ನು ಬರಿಯ ಸೌಹಾರ್ದವೆಂದು ಬಣ್ಣಿಸುವವರು ಈ ಪದದ ಮುಂದೆ ಒಂದು ಕ್ಷಣ ನಿಲ್ಲಬೇಕಾಗುತ್ತದೆ.

3. ಉಪದೇಶ ಕನ್ನಡ, ಪಾರಾಯಣ ಮರಾಠಿ

ನಿಂಬರಗಿ ಮಹಾರಾಜರು ಲಿಂಗಾಯತ ಮನೆತನದವರು, 1875ರಲ್ಲಿ ದೇಹವಿಟ್ಟರು. ಸಂಪ್ರದಾಯದವರು ಹೇಳಿಕೊಂಡು ಬಂದ ಕಥನದಂತೆ, ಪಂಢರಪುರಕ್ಕೆ ಹೋಗಿದ್ದ ಅವರಿಗೆ ಸಿದ್ಧಗಿರಿಗೆ ಹೋಗಬೇಕೆಂಬ ಆದೇಶವು ವಿಠ್ಠಲನಿಂದಲೇ ಕನಸಿನಲ್ಲಿ ದೊರೆಯಿತು. ಸಿದ್ಧಗಿರಿಯಲ್ಲಿ ಕಾಡಸಿದ್ಧ ಪರಂಪರೆಯ ಮುನಿಯೊಬ್ಬರು ಅವರಿಗೆ ನಾಮೋಪದೇಶ ಮಾಡಿದರು. ಈ ಕಥನದ ಐತಿಹಾಸಿಕತೆ ಏನೇ ಇರಲಿ, ಅದರ ವಿನ್ಯಾಸ ಗಮನಾರ್ಹವಾದುದು. ವೈಷ್ಣವ ವಾರಕರಿಗಳ ದೈವವು ಲಿಂಗಾಯತ ಸಾಧಕನನ್ನು ಶೈವ ಸಿದ್ಧರ ಬೆಟ್ಟಕ್ಕೆ ಕಳುಹಿಸುತ್ತದೆ. ಎರಡು ಮತಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆಯನ್ನು ಕಥನವು ಎತ್ತುವುದೇ ಇಲ್ಲ; ಒಂದು ಮತ್ತೊಂದಕ್ಕೆ ದಾರಿ ತೋರಿಸಿತೆಂದಷ್ಟೇ ಹೇಳುತ್ತದೆ.

ನಿಂಬರಗಿ ಮಹಾರಾಜರ ಉಪದೇಶವನ್ನು ಮುಂದುವರಿಸಿದವರು ಉಮದಿಯ ಭಾವೂಸಾಹೇಬ ಮಹಾರಾಜರು (1843-1914). ಇವರ ಪೂರ್ಣ ಹೆಸರು ವೆಂಕಟೇಶ ಖಂಡೇರಾವ ದೇಶಪಾಂಡೆ, ದೇಶಸ್ಥ ಬ್ರಾಹ್ಮಣರು. ದೇಶಪಾಂಡೆಯೆಂಬುದು ಲೆಕ್ಕಪತ್ರಗಳ ವತನದಿಂದ ಬಂದ ಹೆಸರು. ಪೇಶವೆಗಳ ಕಾಲದಿಂದ ಬ್ರಿಟಿಷ್ ಆಡಳಿತದ ಆರಂಭದ ದಶಕಗಳವರೆಗೆ ಈ ಭಾಗದ ಕಚೇರಿಯ ಭಾಷೆ ಮರಾಠಿ, ಲಿಪಿ ಮೋಡಿ. ಕನ್ನಡ ಶಾಲೆಗಳು ನೆಲೆಗೊಳ್ಳಲು ಡೆಪ್ಯೂಟಿ ಚನ್ನಬಸಪ್ಪನವರಂಥವರ ದೀರ್ಘ ಶ್ರಮ ಬೇಕಾಯಿತು. ಅಂದರೆ ಎರಡು ಭಾಷೆಗಳು ಸಮಾನ ಸ್ಥಾನದಲ್ಲಿರಲಿಲ್ಲ. ಕನ್ನಡದ ರೈತನು ಮರಾಠಿಯನ್ನು ಅರಿಯದೆ ಕಚೇರಿಯ ಮೆಟ್ಟಿಲನ್ನು ಹತ್ತುವುದು ಕಷ್ಟವಾಗಿತ್ತು. ಕಚೇರಿಯವನಿಗೆ ಕನ್ನಡವು ಅಷ್ಟು ಅನಿವಾರ್ಯವಾಗಿರಲಿಲ್ಲ.

ಈ ಅಸಮಾನತೆಯ ಹಿನ್ನೆಲೆಯಲ್ಲಿ ನೋಡಿದಾಗ ಉಮದಿಯಲ್ಲಿ ನಡೆದುದರ ಮಹತ್ವ ಹೊಳೆಯುತ್ತದೆ. ವತನದಾರ ಬ್ರಾಹ್ಮಣನೊಬ್ಬನು ಲಿಂಗಾಯತ ಗುರುವಿನ ಉಪದೇಶವನ್ನು ಸ್ವೀಕರಿಸಿದನು. ಜಾತಿಯ ಶ್ರೇಣಿಯೂ ಭಾಷೆಯ ಶ್ರೇಣಿಯೂ ಏಕಕಾಲಕ್ಕೆ ತಲೆಕೆಳಗಾದವು. ಆದರೆ ಭಾವೂಸಾಹೇಬರು ಮರಾಠಿಯನ್ನು ತ್ಯಜಿಸಲಿಲ್ಲ. ಸಮರ್ಥ ರಾಮದಾಸರ ‘ದಾಸಬೋಧ’ವನ್ನು ಸಂಪ್ರದಾಯದ ನಿತ್ಯಪಾರಾಯಣದ ಗ್ರಂಥವನ್ನಾಗಿ ಮಾಡಿದರು. ಇಂಚಗೇರಿಯಲ್ಲಿ ಮಠವನ್ನು ಸ್ಥಾಪಿಸಿ ಸಪ್ತಾಹ, ಭಜನೆ, ಧ್ಯಾನಗಳ ಕ್ರಮವನ್ನು ನೆಲೆಗೊಳಿಸಿದರು. ಸಂಪ್ರದಾಯದ ‘ನಿತ್ಯನೇಮಾವಳಿ’ಯಲ್ಲಿ ಮರಾಠಿ ಅಭಂಗಗಳೂ ಕನ್ನಡ ಪದಗಳೂ ಒಂದೇ ಭಜನೆಯ ಅಂಗಗಳಾಗಿವೆ.

ಇಲ್ಲಿ ನಡೆದದ್ದು ಅನುವಾದವಲ್ಲವೆಂಬುದನ್ನು ಒತ್ತಿ ಹೇಳಬೇಕು. ಕನ್ನಡ ಪದವನ್ನು ಮರಾಠಿಗೆ ತಿರುಗಿಸಿ ಹಾಡಲಿಲ್ಲ. ಅಭಂಗವನ್ನು ಕನ್ನಡಕ್ಕೆ ತಂದು ಹಾಡಲಿಲ್ಲ. ಪ್ರತಿಯೊಂದನ್ನೂ ಅದರದರ ಭಾಷೆಯಲ್ಲಿಯೇ ಎರಡೂ ಕಡೆಯವರು ಹಾಡಿದರು. ಒಬ್ಬನಿಗೆ ಮನೆಮಾತಾದದ್ದು ಮತ್ತೊಬ್ಬನಿಗೆ ಕಲಿತ ಮಾತು. ಮನೆಮಾತಿನಲ್ಲಿ ಅರ್ಥವು ತಾನಾಗಿ ಒದಗುತ್ತದೆ. ಕಲಿತ ಮಾತಿನಲ್ಲಿ ನಿಂತು ಕೇಳಿ ಪಡೆಯಬೇಕಾಗುತ್ತದೆ. ನೆರೆಯವನ ಅರ್ಥಕ್ಕಾಗಿ ಹೀಗೆ ನಿಲ್ಲುವ ಅಭ್ಯಾಸವನ್ನು ನಿತ್ಯದ ಭಜನೆಯೇ ಬೆಳೆಸಿತು. ನೆರೆಯವರ ತಿಳಿವಳಿಕೆಯು ಇಲ್ಲಿ ತತ್ತ್ವದ ಫಲವಾಗಿ ಬರಲಿಲ್ಲ. ಸಾಧನೆಯ ದಿನಚರಿಯ ಭಾಗವಾಗಿಯೇ ಬಂತು.

4. ಎರಡು ಶಾಖೆಗಳು, ಮೂರನೆಯ ಭಾಷೆ

ಭಾವೂಸಾಹೇಬರ ಶಿಷ್ಯರಲ್ಲಿ ಜಿಗಜೇವಣಿಯ ಅಂಬುರಾವ ಮಹಾರಾಜರು, ರಾಮಚಂದ್ರ ದತ್ತಾತ್ರೇಯ ರಾನಡೆ ಮತ್ತು ಸಿದ್ಧರಾಮೇಶ್ವರ ಮಹಾರಾಜರು ಪ್ರಮುಖರು. ಕೊನೆಯ ಇಬ್ಬರ ಮೂಲಕ ಪರಂಪರೆಯು ಎರಡು ಬೇರೆ ದಾರಿಗಳಲ್ಲಿ ಹೊರಜಗತ್ತನ್ನು ಕಂಡಿತು.

ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಜನಿಸಿದರು. 1901ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಭಾವೂಸಾಹೇಬರಿಂದ ಉಪದೇಶ ಪಡೆದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಫರ್ಗ್ಯುಸನ್ ಕಾಲೇಜಿನಲ್ಲಿಯೂ ಸಾಂಗಲಿಯ ವಿಲ್ಲಿಂಗ್ಡನ್ ಕಾಲೇಜಿನಲ್ಲಿಯೂ ಬೋಧಿಸಿ, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು. ಗ್ರೀಕ್ ತತ್ತ್ವಜ್ಞಾನಿಗಳ ಮೇಲಿನ ಲೇಖನಗಳಿಂದ ಬರೆವಣಿಗೆಯನ್ನು ಆರಂಭಿಸಿದ ಅವರು 1926ರಲ್ಲಿ ಉಪನಿಷತ್ತುಗಳ ತತ್ತ್ವಜ್ಞಾನದ ಸಮೀಕ್ಷೆಯನ್ನು ಪ್ರಕಟಿಸಿದರು. 1933ರಲ್ಲಿ ಮಹಾರಾಷ್ಟ್ರದ ಅನುಭಾವಿಗಳನ್ನು ಕುರಿತ ಬೃಹದ್ಗ್ರಂಥ, 1954ರಲ್ಲಿ ಹಿಂದೀ ಸಂತರನ್ನು ಕುರಿತ ಗ್ರಂಥ ಬಂದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಗಳು ಅವರ ಮರಣಾನಂತರ, 1960ರಲ್ಲಿ, ಕನ್ನಡ ಸಾಹಿತ್ಯದಲ್ಲಿನ ಭಗವನ್ಮಾರ್ಗವನ್ನು ಕುರಿತ ಗ್ರಂಥವಾಗಿ ಪ್ರಕಟಗೊಂಡವು. ಅವರು 1957ರಲ್ಲಿ ನಿಂಬಾಳದಲ್ಲಿ ದೇಹವಿಟ್ಟರು.

ಮರಾಠಿ, ಹಿಂದೀ, ಕನ್ನಡ ಮೂರೂ ಸಾಹಿತ್ಯಗಳ ಅನುಭಾವವನ್ನು ಒಬ್ಬನೇ ವಿದ್ವಾಂಸನು ಗ್ರಂಥರೂಪದಲ್ಲಿ ವಿವೇಚಿಸಿದ್ದು ಅಪರೂಪದ ಸಂಗತಿ. ಮೂರನ್ನೂ ಬರೆದದ್ದು ಇಂಗ್ಲಿಷಿನಲ್ಲಿ. ಈ ಆಯ್ಕೆಗೆ ಲಾಭವೂ ಇತ್ತು, ಬೆಲೆಯೂ ಇತ್ತು. ಕನ್ನಡವಾಗಲಿ ಮರಾಠಿಯಾಗಲಿ ನಿರೂಪಣೆಯ ಭಾಷೆಯಾಗಿದ್ದರೆ ಒಂದು ಮನೆಯೊಡೆಯನ ಸ್ಥಾನದಲ್ಲಿದ್ದು ಮತ್ತೊಂದು ಅತಿಥಿಯಾಗಬೇಕಾಗುತ್ತಿತ್ತು. ಇಂಗ್ಲಿಷಿನ ಅಂಗಳದಲ್ಲಿ ಎರಡೂ ಸಮಾನವಾಗಿ ನಿಂತವು. ಪ್ಲೇಟೋ, ಪ್ಲೊಟೈನಸ್, ಕ್ರೈಸ್ತ ಅನುಭಾವಿಗಳ ಜೊತೆಗೂ ನಿಂತವು. ಬೆಲೆಯೆಂದರೆ ಪರಿಭಾಷೆಯದು. ಕನ್ನಡದ ‘ಅನುಭಾವ’ಕ್ಕೂ ಮರಾಠಿಯಲ್ಲಿ ರೂಢವಾದ ‘ಸಾಕ್ಷಾತ್ಕಾರ’ಕ್ಕೂ ಇರುವ ಅಂತರವು ‘ಮಿಸ್ಟಿಸಿಸಂ’ ಎಂಬ ಒಂದೇ ಪದದಲ್ಲಿ ಕರಗಿತು. ಅನುಭಾವವು ಬದುಕಿನ ನಡೆಯಲ್ಲಿ, ಶರಣರ ಗೋಷ್ಠಿಯಲ್ಲಿ ಹರಡಿಕೊಳ್ಳುವ ಅರಿವು. ಸಾಕ್ಷಾತ್ಕಾರವು ದರ್ಶನದ ತುದಿಮುಟ್ಟಿದ ಗಳಿಗೆ. ಇಂಗ್ಲಿಷ್ ಓದುಗನಿಗೆ ಈ ಭೇದವು ಕಾಣಲಾರದು. ಎರಡೂ ಭಾಷೆ ಬಲ್ಲ ರಾನಡೆಯವರಿಗೆ ಅದು ಗೊತ್ತಿಲ್ಲದಿರಲು ಸಾಧ್ಯವಿಲ್ಲ. ಆದರೆ ಗ್ರಂಥದ ಭಾಷೆಯು ಅದನ್ನು ಹೊತ್ತುಕೊಂಡು ಹೋಗಲಿಲ್ಲ.

ಎರಡನೆಯ ದಾರಿ ಸಿದ್ಧರಾಮೇಶ್ವರ ಮಹಾರಾಜರದು (1888-1936). ಸೊಲ್ಲಾಪುರ ಜಿಲ್ಲೆಯ ಪಾಥರಿಯವರಾದ ಇವರು ವಿಜಯಪುರದಲ್ಲಿ ಕೆಲಸದಲ್ಲಿದ್ದಾಗ ಭಾವೂಸಾಹೇಬರ ಶಿಷ್ಯರಾದರು. ನಾಮಸ್ಮರಣೆ, ಧ್ಯಾನಗಳ ಕ್ರಮವಾದ ಸಾಧನೆಗೆ ಸಂಪ್ರದಾಯದಲ್ಲಿ ಪಿಪೀಲಿಕಾ ಮಾರ್ಗವೆಂದು ಹೆಸರು. ಇರುವೆಯು ಮರವನ್ನು ಹತ್ತುವಂತೆ ಮೆಲ್ಲಮೆಲ್ಲನೆ ಏರುವ ದಾರಿಯದು. ಶ್ರವಣ ಮತ್ತು ವಿವೇಕದಿಂದ ನೇರವಾಗಿ ಹಣ್ಣಿಗೆ ಎರಗುವುದು ವಿಹಂಗಮ ಮಾರ್ಗ, ಹಕ್ಕಿಯ ದಾರಿ. ಗುರುಗಳ ನಿಧನಾನಂತರ ಸಿದ್ಧರಾಮೇಶ್ವರರು ಎರಡನೆಯದರ ಕಡೆಗೆ ತಿರುಗಿದರು. ಗುರುಬಂಧುಗಳಲ್ಲಿ ಇದಕ್ಕೆ ಆಕ್ಷೇಪವೂ ಬಂತು. ರಾನಡೆಯವರ ಶಾಖೆಯು ಧ್ಯಾನದ ನಿಯಮವನ್ನೇ ಹಿಡಿದು ಮುಂದುವರಿಯಿತು.

1933ರಲ್ಲಿ ಸಿದ್ಧರಾಮೇಶ್ವರರನ್ನು ಕಂಡು ಉಪದೇಶ ಪಡೆದವರೇ ಮುಂದೆ ನಿಸರ್ಗದತ್ತರೆಂದು ಹೆಸರಾದರು. ಜಗತ್ತು ಗುರುತಿಸಿದ್ದು ಹಕ್ಕಿಯ ದಾರಿಯನ್ನು. ಇದಕ್ಕೆ ಕಾರಣ ಊಹಿಸಬಹುದಾದುದೇ. ವಿಚಾರಪ್ರಧಾನವಾದ ಮಾತು ಸಂಭಾಷಣೆಯ ರೂಪದಲ್ಲಿ ಬೇರೆ ಭಾಷೆಗೆ ಹೋಗಬಲ್ಲದು. ಅದಕ್ಕೆ ಭಜನೆಯ ಮಟ್ಟು, ಸಪ್ತಾಹದ ಪಂಕ್ತಿ, ಗ್ರಾಮದ ಕೂಟ ಬೇಕಿಲ್ಲ. ಇರುವೆಯ ದಾರಿಗಾದರೋ ಹತ್ತಲು ಮರವೇ ಬೇಕು. ಇಂಚಗೇರಿಯ ದ್ವಿಭಾಷಿಕ ದಿನಚರಿಯೇ ಆ ಮರ. ಆದರೆ ಖೇತವಾಡಿಯಲ್ಲಿಯೂ ಭಜನೆ ನಿಂತಿರಲಿಲ್ಲ. ಮಹಾರಾಜರು ನಿತ್ಯವೂ ಅದನ್ನು ನಡೆಸುತ್ತಿದ್ದರು. ಪುಸ್ತಕದ ಓದುಗನಿಗೆ ಸಂವಾದವು ತಲುಪಿತು, ಭಜನೆ ತಲುಪಲಿಲ್ಲ.

ಸಿದ್ಧರಾಮೇಶ್ವರರ ಶಿಷ್ಯಪರಂಪರೆಯು ನೆರೆನಾಡಿಗೂ ಹಿಂದಿರುಗಿತೆಂಬುದನ್ನು ಇಲ್ಲಿ ಸೇರಿಸಬೇಕು. ವಿಜಯಪುರ ಜಿಲ್ಲೆಯ ಕನ್ನೂರಿನ ಗಣಪತರಾವ ಮಹಾರಾಜರು (1909-2004) ಅವರ ಶಿಷ್ಯರು. ಕಣೇರಿಯ ಸಿದ್ಧಗಿರಿ ಮಠದ ಅಧಿಪತಿಗಳಾಗಿದ್ದ ಕಾಡಸಿದ್ಧೇಶ್ವರ ಮಹಾರಾಜರೂ (1905-2001) ಅವರಲ್ಲಿ ಉಪದೇಶ ಪಡೆದರು. ಯಾವ ಬೆಟ್ಟದಿಂದ ನಿಂಬರಗಿಗೆ ಉಪದೇಶ ಇಳಿದಿತ್ತೋ ಆ ಬೆಟ್ಟವೇ ನಾಲ್ಕು ತಲೆಮಾರುಗಳ ಅನಂತರ ಪಾಥರಿಯ ಗುರುವಿನಿಂದ ಅದನ್ನು ಮರಳಿ ಪಡೆಯಿತು. ಈ ಸುತ್ತು ಪೂರ್ಣಗೊಂಡದ್ದು ಲಿಂಗಾಯತ ಮಠವೊಂದರಲ್ಲಿ, ಮರಾಠಿ ನೆಲದಲ್ಲಿ.

5. ರೇವಣ ಎಂಬ ಹೆಸರು

ಇಂಗ್ಲಿಷ್ ಪರಿಚಯಗಳಲ್ಲಿ ಈ ಪರಂಪರೆಯನ್ನು ಸಾಮಾನ್ಯವಾಗಿ ನವನಾಥ ಸಂಪ್ರದಾಯದ ಶಾಖೆಯೆಂದು ಕರೆಯುವ ರೂಢಿಯಿದೆ. ಮರಾಠಿಯಲ್ಲಿ ನವನಾಥರ ಕಥೆಗಳನ್ನು ಮನೆಮನೆಗೆ ಮುಟ್ಟಿಸಿದ್ದು ಮಾಲು ಕವಿಯ ‘ನವನಾಥ ಭಕ್ತಿಸಾರ’ (1819). ಅದರಲ್ಲಿ ರೇವಣನಾಥನ ಕಥೆಯೂ ಸೇರಿದೆ. ಕನ್ನಡದಲ್ಲಿ ರೇವಣಸಿದ್ಧನು ಹರಿಹರನ ರಗಳೆಯಿಂದಲೇ ಕಾವ್ಯನಾಯಕ. ವೀರಶೈವ ಆಚಾರ್ಯ ಪರಂಪರೆಯಲ್ಲಿ ಅವನಿಗೆ ಉನ್ನತ ಸ್ಥಾನವಿದೆ. ಹಾಲುಮತದ ಕುರುಬರಿಗೂ ಅವನು ಗುರು. ಸಾಂಗಲಿ ಜಿಲ್ಲೆಯ ರೇಣಾವಿಯಲ್ಲಿ ಅವನ ಪ್ರಸಿದ್ಧ ಕ್ಷೇತ್ರವಿದೆ.

ಇಂಥ ಸಂದರ್ಭದಲ್ಲಿ ಸಂಶೋಧಕನನ್ನು ಕಾಡುವ ಪ್ರಲೋಭನೆ ಒಂದಿದೆ. ಹರಿಹರನ ಕಾವ್ಯವು ಮಾಲು ಕವಿಯ ಗ್ರಂಥಕ್ಕಿಂತ ಶತಮಾನಗಳಷ್ಟು ಹಿಂದಿನದು. ಆದುದರಿಂದ ರೇವಣನು ನಮ್ಮವನು, ನೆರೆಯವರು ಅವನನ್ನು ನಾಥನನ್ನಾಗಿ ಮಾಡಿಕೊಂಡರು ಎಂದು ತೀರ್ಪು ಕೊಟ್ಟು ಕಡತವನ್ನು ಮುಚ್ಚಬಹುದು. ಆದರೆ ಕನ್ನಡದ ಸಾಮಗ್ರಿಯೇ ಈ ತೀರ್ಪಿಗೆ ಒಪ್ಪುವುದಿಲ್ಲ. ನಾಥಪಂಥವು ಕನ್ನಡ ನೆಲಕ್ಕೆ ಹೊರಗಿನದಲ್ಲ. ಮಂಗಳೂರಿನ ಕದ್ರಿಯ ಜೋಗಿಮಠವು ಅದರ ಪ್ರಸಿದ್ಧ ಕೇಂದ್ರ. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭುವು ಗೋರಕ್ಷನನ್ನು ಎದುರುಗೊಳ್ಳುತ್ತಾನೆ, ಗೋರಕ್ಷನ ವಜ್ರದೇಹದ ಹಮ್ಮನ್ನು ಮುರಿದು ಅವನನ್ನು ಅರಿವಿನ ಕಡೆಗೆ ತಿರುಗಿಸುತ್ತಾನೆ. ನಾಥ ಮತ್ತು ಶರಣ ಮಾರ್ಗಗಳ ವಾಗ್ವಾದವು ಕನ್ನಡದೊಳಗೇ ನಡೆದಿತ್ತು. ಹಾಗಾದರೆ ರೇವಣನಾಥ, ರೇವಣಸಿದ್ಧರೆಂಬ ಎರಡು ಓದುಗಳು ಎರಡು ಭಾಷೆಗಳ ನಡುವಿನ ಗಡಿಯಲ್ಲಿ ಹುಟ್ಟಿದವುಗಳಲ್ಲ. ಆ ಇಬ್ಬಗೆ ಪ್ರತಿ ಭಾಷೆಯ ಒಳಗೂ ಇದ್ದಿತು. ರೇವಣನನ್ನು ಕುರುಬರ ಗುರುವೆಂದು ಕಾಣುವ ಮೂರನೆಯ ಓದು ಇವೆರಡಕ್ಕಿಂತಲೂ ಹಳೆಯ ಪಶುಪಾಲಕ ಸ್ತರವನ್ನು ಸೂಚಿಸಬಹುದು.

ಸಮಾನ ಹೆಸರು ಕಂಡಲ್ಲೆಲ್ಲ ಸಂಬಂಧವನ್ನು ಕಲ್ಪಿಸುವುದೂ ಅಪಾಯಕಾರಿಯೇ. ಜ್ಞಾನೇಶ್ವರರ ತತ್ತ್ವಗ್ರಂಥಕ್ಕೆ ‘ಅನುಭವಾಮೃತ’ವೆಂಬ ಹೆಸರೂ ಉಂಟು, ಮಹಾಲಿಂಗರಂಗನ ಕನ್ನಡ ಷಟ್ಪದಿಯ ವೇದಾಂತಗ್ರಂಥಕ್ಕೂ ಅದೇ ಹೆಸರು. ಹೆಸರು ಒಂದಾದ ಮಾತ್ರಕ್ಕೆ ಒಂದು ಇನ್ನೊಂದರ ಅನುವಾದವಾಗಲಿಲ್ಲ. ಸಾಮ್ಯವನ್ನು ಸಂಭ್ರಮಿಸುವ ಓದು, ಸ್ವಾಮ್ಯವನ್ನು ಸ್ಥಾಪಿಸುವ ಓದು, ಈ ಎರಡೂ ನೆರೆಯವನ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದಿಲ್ಲ.

6. 1956ರ ಗೆರೆ ಮತ್ತು ವಿದ್ವತ್ತಿನ ಗೆರೆ

1956ರ ನವೆಂಬರ್ 1ರಂದು ರಾಜ್ಯಗಳು ಭಾಷಾವಾರು ಮರುಹೊಂದಿದಾಗ ಇಂಚಗೇರಿ ಒಂದು ರಾಜ್ಯದಲ್ಲಿ, ಉಮದಿ ಮತ್ತೊಂದರಲ್ಲಿ ಉಳಿದವು. ಮಹಾಜನ ಆಯೋಗವು 1967ರಲ್ಲಿ ವರದಿಯನ್ನು ಸಲ್ಲಿಸಿತು. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಜತ್ತ, ಅಕ್ಕಲಕೋಟೆ ತಾಲೂಕುಗಳಲ್ಲಿ ಕನ್ನಡ ಶಾಲೆಗಳಿವೆ. ಬೆಳಗಾವಿ ಜಿಲ್ಲೆಯಲ್ಲಿ ಮರಾಠಿ ಶಾಲೆಗಳಿವೆ. ಆಡಳಿತಕ್ಕೆ ಗೆರೆಯೊಂದು ಬೇಕು. ಕನ್ನಡಿಗರು ಏಕೀಕರಣಕ್ಕಾಗಿ ಹೋರಾಡಿದ್ದು ನ್ಯಾಯವಾದದ್ದೇ. ಆ ಹೋರಾಟಕ್ಕೂ ನೆರೆಯ ತತ್ತ್ವದ ಅಧ್ಯಯನಕ್ಕೂ ವಿರೋಧವಿರಲಿಲ್ಲವೆಂಬುದಕ್ಕೆ ಆಲೂರ ವೆಂಕಟರಾಯರೇ ನಿದರ್ಶನ. ‘ಕರ್ನಾಟಕ ಗತವೈಭವ’ವನ್ನು (1917) ಬರೆದು ಕನ್ನಡಿಗರನ್ನು ಎಚ್ಚರಿಸಿದವರೇ ಲೋಕಮಾನ್ಯ ಟಿಳಕರ ‘ಗೀತಾರಹಸ್ಯ’ವನ್ನು ಕನ್ನಡಿಸಿದರು. ತನ್ನತನವನ್ನು ಬಲ್ಲವನಿಗೆ ನೆರೆಯವನ ಗ್ರಂಥವು ಭಯವನ್ನುಂಟುಮಾಡಲಿಲ್ಲ.

ತೊಡಕು ಹುಟ್ಟಿದ್ದು ಆಡಳಿತದ ಗೆರೆಯು ವಿದ್ವತ್ತಿನ ಗೆರೆಯೂ ಆದಾಗ. ಶಂ. ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ಸ್ಥಳನಾಮಗಳ ಜಾಡು ಹಿಡಿದು ಮಹಾರಾಷ್ಟ್ರದೊಳಗಿನ ಕನ್ನಡದ ನೆಲೆಗಳನ್ನು ತೋರಿಸಿದರು. 1952ರಲ್ಲಿ ‘ಮರ್‍ಹಾಟೀ ಸಂಸ್ಕೃತಿ’ಯ ಸಮಸ್ಯೆಗಳನ್ನು ಕುರಿತು ಮರಾಠಿಯಲ್ಲಿಯೇ ಗ್ರಂಥ ಬರೆದು ನೆರೆಯವರ ಮುಂದಿಟ್ಟರು. ವಾದವನ್ನು ಪ್ರತಿವಾದಿಯ ಭಾಷೆಯಲ್ಲಿ ಮಂಡಿಸುವ ಈ ಶಿಸ್ತು ಅವರದು. ಗಡಿವಿವಾದದ ಕಾವಿನಲ್ಲಿ ಇಂಥ ಸಂಶೋಧನೆಯನ್ನು ಭೂಮಿಯ ದಸ್ತಾವೇಜಿನಂತೆ ಬಳಸುವುದು ಸುಲಭ. ಅದರ ಸಾಂಸ್ಕೃತಿಕ ಜಿಜ್ಞಾಸೆಯನ್ನು ಮುಂದುವರಿಸುವುದು ಕಷ್ಟ. ಮರಾಠಿಯಲ್ಲಿ ಈ ಶಿಸ್ತಿಗೆ ಸರಿಜೋಡಿಯಾಗಿ ನಿಂತವರು ರಾ. ಚಿಂ. ಢೇರೆ. ಅವರ ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ (1984) ಗ್ರಂಥವು ವಿಠ್ಠಲನ ಬೇರುಗಳನ್ನು ದಕ್ಷಿಣದ ಪಶುಪಾಲಕರ ದೈವಗಳಲ್ಲಿ ಅರಸಿತು, ಮಹಾರಾಷ್ಟ್ರದ ಆರಾಧ್ಯದೈವದ ಮೂಲವನ್ನು ಮರಾಠಿಯ ಆಚೆಗೆ ಹುಡುಕುವ ಧೈರ್ಯವನ್ನು ತೋರಿತು. 2011ರಲ್ಲಿ ಆನ್ ಫೆಲ್ಡ್‌ಹೌಸ್ ಅವರು ಅದನ್ನು ಇಂಗ್ಲಿಷಿಗೆ ತಂದರು.

ಇಂಚಗೇರಿಯಂಥ ಪರಂಪರೆಗೆ ಏಕಭಾಷೆಯ ಸಾಹಿತ್ಯಚರಿತ್ರೆಯಲ್ಲಿ ಸುಲಭವಾಗಿ ಸ್ಥಾನ ದೊರೆಯದು. ಕನ್ನಡದ ಚೌಕಟ್ಟಿನಲ್ಲಿ ಅದರ ದಾಸಬೋಧ ಹೊರಗುಳಿಯುತ್ತದೆ. ಮರಾಠಿಯ ಚೌಕಟ್ಟಿನಲ್ಲಿ ಅದರ ನಿಂಬರಗಿ ಹೊರಗುಳಿಯುತ್ತದೆ. ಇಂಗ್ಲಿಷಿನ ಚೌಕಟ್ಟಿನಲ್ಲಿ ಎರಡೂ ಹೊರಗುಳಿದು ನಿರ್ದೇಶವಾದ ‘ಭಾರತೀಯ ಅದ್ವೈತ’ವೊಂದೇ ಉಳಿಯುತ್ತದೆ. ದೂರದ ಬೆಟ್ಟ ನುಣ್ಣಗೆ ಕಾಣುವುದು ಸಹಜ. ಹತ್ತಿರದವರಾದರೂ ಅದರ ಕಲ್ಲು, ಮುಳ್ಳು, ಹಳ್ಳಗಳನ್ನು ಬಲ್ಲವರಾಗಿರ ಬೇಕಷ್ಟೆ.

7. ಸಮಾಪನ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಒಂದನೆಯದಾಗಿ, ತತ್ತ್ವವು ತಾನಾಗಿಯೇ ನೆರೆಯವರನ್ನು ಕೂಡಿಸುವುದಿಲ್ಲ. ‘ಎಲ್ಲವೂ ಒಂದೇ’ ಎಂಬ ಸಿದ್ಧಾಂತವನ್ನು ಒಪ್ಪಿದವರು ನೆರೆಯವನ ಭಾಷೆಯ ಒಂದು ಅಕ್ಷರವನ್ನೂ ಕಲಿಯದೆ ಇರಬಹುದು. ಇಂಚಗೇರಿಯಲ್ಲಿ ಕೂಡಿಸಿದ್ದು ನಿತ್ಯದ ನೇಮ. ಎರಡನೆಯದಾಗಿ, ಜಾಗತಿಕ ಭಾಷೆಯೊಂದು ನೆರೆಭಾಷೆಗಳಿಗೆ ಸಮಾನ ಅಂಗಳವನ್ನು ಒದಗಿಸಬಲ್ಲದು. ಆದರೆ ಅವುಗಳ ನಡುವಿನ ಸೂಕ್ಷ್ಮಭೇದಗಳನ್ನು ಕಾಪಾಡುವ ಹೊಣೆಯನ್ನು ಅದು ಹೊರಲಾರದು. ಮೂರನೆಯದಾಗಿ, ನೆರೆಯವರ ತಿಳಿವಳಿಕೆಯು ಒಮ್ಮತದಲ್ಲಿ ಮುಗಿಯಬೇಕಾಗಿಲ್ಲ. ಇರುವೆಯ ದಾರಿಯವರೂ ಹಕ್ಕಿಯ ದಾರಿಯವರೂ ಭಿನ್ನಾಭಿಪ್ರಾಯವನ್ನು ಉಳಿಸಿಕೊಂಡೇ ಒಬ್ಬನೇ ಗುರುವನ್ನು ನೆನೆದರು. ನೆರೆಯವನು ತನ್ನ ರೇವಣನ ಕಥೆಯನ್ನು ಹೇಗೆ ಹೇಳುತ್ತಾನೋ ಹಾಗೆಯೇ, ಅವನು ಒಪ್ಪುವ ರೀತಿಯಲ್ಲಿ, ನಾವು ತಿರುಗಿ ಹೇಳಬಲ್ಲೆವೇ ಎಂಬುದು ತಿಳಿವಳಿಕೆಯ ಒರೆಗಲ್ಲು.

ಈ ಒರೆಗಲ್ಲಿಗೆ ನಮ್ಮ ಸಂಶೋಧನೆಯನ್ನು ತಿಕ್ಕಿ ನೋಡುವ ಕೆಲಸ ಇನ್ನೂ ಆಗಬೇಕಾಗಿದೆ. ಸಂಪ್ರದಾಯದ ಭಜನಸಂಗ್ರಹಗಳ ವಿವಿಧ ಆವೃತ್ತಿಗಳನ್ನು ಎದುರುಬದುರು ಇಟ್ಟು, ಯಾವ ಊರಿನಲ್ಲಿ ಯಾವ ಭಾಷೆಯ ಪದಗಳು ಉಳಿದವು, ಯಾವುವು ಕೈಬಿಟ್ಟುಹೋದವು ಎಂಬುದನ್ನು ದಾಖಲಿಸಬೇಕು. ಎರಡೂ ಭಾಷೆಗಳಲ್ಲಿ ಹಾಡಬಲ್ಲ ಹಿರಿಯರ ತಲೆಮಾರು ಕರಗುತ್ತಿರುವುದರಿಂದ ಇದು ತಡಮಾಡುವ ಕೆಲಸವಲ್ಲ. ಅನುಭಾವ, ಸಾಕ್ಷಾತ್ಕಾರ, ನಾಮ, ಅರಿವು, ಬೋಧ ಮುಂತಾದ ಪದಗಳಿಗೆ ಕನ್ನಡ-ಮರಾಠಿ ಪ್ರಯೋಗಗಳನ್ನು ಜೊತೆಗಿಟ್ಟ ಪಾರಿಭಾಷಿಕ ಕೋಶವೊಂದು ಬೇಕು. ಮುಂಬಯಿ, ಪುಣೆ, ಸೊಲ್ಲಾಪುರಗಳಲ್ಲಿರುವ ಕನ್ನಡ ಸಂಶೋಧಕನಿಗೆ ಮರಾಠಿಯು ಬೀದಿಯ ಭಾಷೆ, ಗ್ರಂಥಾಲಯದ ಭಾಷೆ, ಅನೇಕ ವೇಳೆ ಮಕ್ಕಳ ಶಾಲೆಯ ಭಾಷೆಯೂ ಹೌದು. ಹೊರನಾಡಿನಲ್ಲಿರುವುದನ್ನು ಕೊರತೆಯೆಂದು ಭಾವಿಸುವ ರೂಢಿ ನಮ್ಮಲ್ಲಿದೆ. ಈ ವಿಷಯದ ಮಟ್ಟಿಗಂತೂ ಅದು ಒಳನಾಡಿನವರಿಗೆ ಸುಲಭವಾಗಿ ದೊರೆಯದ ಸೌಕರ್ಯ.

ಖೇತವಾಡಿಯ ಮಾತು ಜಗತ್ತಿಗೆಲ್ಲ ಕೇಳಿಸಿದ್ದು ಸಂತೋಷದ ಸಂಗತಿ. ಆ ಮಾತಿನ ಹಿಂದೆ ನಿಂಬರಗಿಯ ಕನ್ನಡವೂ ಉಮದಿಯ ಮರಾಠಿಯೂ ಒಂದೇ ಭಜನೆಯಲ್ಲಿ ಕೂಡಿದ್ದವೆಂಬುದನ್ನು ಜಗತ್ತಿಗೆ ತಿಳಿಸಬೇಕಾದವರು ಆ ಎರಡು ಭಾಷೆಗಳನ್ನೂ ಬಲ್ಲವರು. ಅದಕ್ಕಿಂತ ಮೊದಲು ಅವರು ಅದನ್ನು ಪರಸ್ಪರರಿಗೆ ತಿಳಿಸಿಕೊಳ್ಳಬೇಕಾಗಿದೆ.